ಎಲೆ ಕೈಕೊಟ್ಟ ದಿನ ತಲೆ ಕೈಕೊಡದಿರಲಿ

ಮೈಸೂರಿನ ಕುವೆಂಪುನಗರದ ಒಂದು ತಾರಸಿಯಲ್ಲಿ ಭಾನುವಾರ ಸಂಜೆ ನಾವು ಆರು ಜನ ಪೋಕರ್ ಆಡುತ್ತೇವೆ. ಪಣ ಹುಣಸೆ ಬೀಜ, ತಲಾ ನೂರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರದ ಕಾಯ್ದೆ 2025ರ ಆಗಸ್ಟ್‌ನಲ್ಲಿ ನಿಷೇಧಿಸಿತು. ನಾವು ಅದಕ್ಕೂ ಮೊದಲಿಂದಲೇ ಬೀಜದವರು. ಇಸ್ಪೀಟು ಅಂದರೆ ಮೂಗು ಮುರಿಯುವವರಿಗೆ ಒಂದು ಮಾತು: ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟ ಕಟ್ಟಿದ ಊರು ಇದು.

ಬರೀ ಬೀಜ ಅಲ್ವಾ ಅಂತ ನಗಬೇಡಿ. ಸತತ ನಾಲ್ಕು ವಾರ ಸೋತಾಗ ನಾನು ಎಲೆ ಎಸೆದು, ಊಟ ಬಿಟ್ಟು ಮನೆಗೆ ಬಂದಿದ್ದೆ.

ಸೋತಾಗ ತಲೆ ಕೆಡದಿರಬೇಕಾದರೆ, ಮೊದಲು ಲೆಕ್ಕ ತಿಳಿದುಕೊಳ್ಳಿ. ನಿಮ್ಮ ಕೈಯಲ್ಲಿ ಎರಡು ಎಕ್ಕ, ಎದುರಿನವರ ಹತ್ತಿರ ಎರಡು ರಾಜ. ಎಲ್ಲರಿಗೂ ಸೇರಿದ ನಡುವಿನ ಎಲೆ ಬಿಚ್ಚುವ ಮೊದಲೇ ಇಬ್ಬರೂ ಇದ್ದದ್ದೆಲ್ಲ ಮುಂದಿಟ್ಟರೆ, ನೂರಕ್ಕೆ ಸುಮಾರು 18 ಸಲ ಎಕ್ಕದವರೇ ಸೋಲುತ್ತಾರೆ. ಇನ್ನು ಆ ಜೋಡಿ ಎಕ್ಕ ಬರುವುದೇ ಸರಾಸರಿ 221 ಆಟಕ್ಕೊಮ್ಮೆ. ಕೈಯಲ್ಲೇ ಕಲೆಸಿ ಹಂಚುವ ನಮ್ಮಂಥವರು ಒಂದು ಸಂಜೆಗೆ 70 ಆಟ ಮುಗಿಸಿದರೆ ಹೆಚ್ಚು. ಅಂದರೆ ನಾಲ್ಕು ಭಾನುವಾರದಲ್ಲಿ ಹೆಚ್ಚೂಕಡಿಮೆ ಮೂರು ಭಾನುವಾರ ಅದರ ಮುಖ ನೋಡದೆ ಏಳಬೇಕು. ಕಳೆದ ವಾರ ಸೋತಿರಿ ಅಂತ ಈ ವಾರ ಎಲೆ ಕನಿಕರ ತೋರುವುದಿಲ್ಲ.

ಎರಡನೆಯದು, ನಿಮ್ಮ ಸಿಟ್ಟಿನ ಗುರುತು ಹಿಡಿಯಿರಿ. ಪೋಕರ್ ಆಡುವವರು ಇದಕ್ಕೆ ಟಿಲ್ಟ್ ಅನ್ನುತ್ತಾರೆ. ಪಿನ್‌ಬಾಲ್ ಯಂತ್ರದಿಂದ ಬಂದ ಮಾತು. ಯಂತ್ರವನ್ನು ಜಾಸ್ತಿ ಅಲ್ಲಾಡಿಸಿದರೆ ಅದು 'ಟಿಲ್ಟ್' ಎಂದು ತೋರಿಸಿ ಆಟ ನಿಲ್ಲಿಸಿಬಿಡುತ್ತದೆ. ನಮಗೆ ಆ ಏರ್ಪಾಡಿಲ್ಲ. ನನಗಾದರೆ ಕಿವಿ ಬಿಸಿಯಾಗುತ್ತದೆ, ಎಲೆ ಪೂರ್ತಿ ನೋಡುವ ಮೊದಲೇ ಕೈ ಬೀಜದ ರಾಶಿಗೆ ಹೋಗುತ್ತದೆ. ನಮ್ಮ ಗುಂಪಿನ ಹಿರಿಯರೊಬ್ಬರು ಸೋಲುವಾಗ ಸಿಕ್ಕಾಪಟ್ಟೆ ಮರ್ಯಾದೆ ಕೊಡಲು ಶುರು ಮಾಡುತ್ತಾರೆ. "ತಾವು ಆಡಿ ಸ್ವಾಮಿ" ಅಂದರೆ ಮುಗಿಯಿತು, ಮುಂದಿನ ಮೂರು ಆಟ ಎಂಥ ಎಲೆ ಬಂದರೂ ಅವರು ಕೆಳಗಿಟ್ಟು ಸೋಲು ಒಪ್ಪುವುದೇ ಇಲ್ಲ. ಇನ್ನೊಬ್ಬನಿಗೆ ಸಿಟ್ಟಲ್ಲ, ಹೆದರಿಕೆ. ಒಳ್ಳೆ ಎಲೆಯನ್ನೂ ಬಿಟ್ಟು ಸುಮ್ನೆ ಕೂರುತ್ತಾನೆ. ಅದೂ ಟಿಲ್ಟೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಎಷ್ಟು ಹೋದರೆ ಏಳುವುದು ಅಂತ ಕೂರುವ ಮೊದಲೇ ತೀರ್ಮಾನಿಸಿ. ಆಟದ ನಡುವೆ ಉಸಿರೆಳೆದುಕೊಳ್ಳಿ, ಹತ್ತು ಎಣಿಸಿ ಅನ್ನುವ ಸಲಹೆ ನನಗಂತೂ ಉಪಯೋಗಕ್ಕೆ ಬಂದಿಲ್ಲ. ಕಿವಿ ಬಿಸಿಯಾದ ಮೇಲೆ ತಲೆ ವಕೀಲಿಕೆಗೆ ಇಳಿಯುತ್ತದೆ: ಇನ್ನೊಂದೇ ಆಟ, ಹೋದದ್ದೆಲ್ಲ ಬರುತ್ತೆ! ಹಾಗಾಗಿ ನೂರು ಬೀಜ ಮುಗಿದರೆ ಮತ್ತೆ ಕೊಡಬೇಡ ಅಂತ ಗೆಳೆಯನಿಗೆ ಮೊದಲೇ ಹೇಳಿರುತ್ತೇನೆ. ನಾನು ಕೈ ಚಾಚಿದರೆ ಅವನು ಡಬ್ಬ ಹಿಂದಕ್ಕೆಳೆದು, "ಸಾಕು ಬಿಡು ಗುರು, ಹೋಗಿ ಎಲ್ಲರಿಗೂ ಕಾಫಿ ಬೆರೆಸು" ಅನ್ನುತ್ತಾನೆ. ಆರು ಲೋಟ ಕಾಫಿ ಬೆರೆಸುವಷ್ಟರಲ್ಲಿ ಕಿವಿ ತಣ್ಣಗಾಗಿರುತ್ತದೆ.

ಒಂದು ವೇಳೆ ನಿಮ್ಮ ಕೈಯಿಂದ ಹೋಗುತ್ತಿರುವುದು ಬೀಜವಲ್ಲ, ದುಡ್ಡು, ಅದನ್ನು ಮನೆಯವರಿಂದ ಮುಚ್ಚಿಡುತ್ತಿದ್ದೀರಿ ಅಂದರೆ ಇಲ್ಲಿ ಹೇಳಿದ್ದು ಯಾವುದೂ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದು, ಬರೆದಿಡಿ. ದೊಡ್ಡದಾಗಿ ಸೋತ ಆಟಕ್ಕೆ ಮೂರೇ ಸಾಲು: ಯಾವ ಎಲೆ ಇತ್ತು, ಏನು ಮಾಡಿದೆ, ಯಾಕೆ ಮಾಡಿದೆ. ಅದೇ ರಾತ್ರಿ ಓದಬೇಡಿ. ನಾನು ಸೋಮವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ, ಕಲ್ಲುಬೆಂಚಿನ ಮೇಲೆ ಕೂತು ಓದುತ್ತೇನೆ. ಹಣೆಬರಹ ಅಂದುಕೊಂಡಿದ್ದ ಆಟಗಳಲ್ಲಿ ಅರ್ಧದಷ್ಟು, ನಾನೇ ಎಲೆ ಬಿಡದೆ ಹಟ ಹಿಡಿದವು. ಅವುಗಳ ಪಕ್ಕ ಕೆಂಪು ಗೀಟು ಹಾಕಿಟ್ಟಿದ್ದೇನೆ. ಭಾನುವಾರ ತಾರಸಿ ಹತ್ತುವ ಮುಂಚೆ ಆ ಗೀಟು ಇರುವುದನ್ನಷ್ಟೇ ಓದಿಕೊಳ್ಳುತ್ತೇನೆ.