ಮೂವತ್ತರೊಳಗೇ ಸವೆದ ಸೊಂಟದ ಕೀಲು: ಗಾದಿ ಬಿಟ್ಟು ಕುರ್ಚಿ ಹಿಡಿದ ನನ್ನ ಅನುಭವ

ಸೊಂಟದ ಕೀಲು ಸವೆದವರಿಗೆ ನಡೆಯುವುದಕ್ಕಿಂತ ನೆಲಕ್ಕೆ ಕೂತು ಏಳುವುದೇ ದೊಡ್ಡ ಕಷ್ಟ. ನಮ್ಮ ಕಡೆ ಊಟ ನೆಲದ ಮೇಲೆ, ಪೂಜೆ ನೆಲದ ಮೇಲೆ, ಬೀಗರು ಬಂದರೆ ಜಮಖಾನ ಹಾಸಿ ಮಾತುಕತೆಯೂ ನೆಲದ ಮೇಲೆಯೇ. ಶೌಚಕ್ಕೂ ಕುಕ್ಕರಗಾಲಲ್ಲೇ ಕೂರಬೇಕು. ನನ್ನ ಕೆಲಸವೂ ಅಂಥದ್ದೇ. ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ಅಡತ್ (ಧಾನ್ಯದ ದಲಾಲಿ) ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕೂರಲು ಗಾದಿ, ಮುಂದೆ ಗಿಡ್ಡ ಮೇಜು. ತೊಗರಿ ಸೀಸನ್ ಬಂತೆಂದರೆ ಬೆಳಗಿನಿಂದ ಕತ್ತಲಾಗುವ ತನಕ ಚಕ್ಕಳಮಕ್ಕಳ ಹಾಕಿ ಕೂರುವುದು.

ನೋವು ಶುರುವಾದಾಗ ನನಗೆ ಇಪ್ಪತ್ತೆಂಟು. ಈಗ ಮೂವತ್ಮೂರು. ಮೊದಲು ನೋವು ಬಂದದ್ದು ಎಡ ಮೊಣಕಾಲಿಗೆ. ಮೊಣಕಾಲಿನ ಎಕ್ಸ್‌ರೇ ತೆಗೆಸಿದರೆ ಎಲ್ಲ ಚೊಕ್ಕ ಇತ್ತು. ಒಬ್ಬರು ಬೆಲ್ಟ್ ಕೊಟ್ಟರು, ಇನ್ನೊಬ್ಬರು ವಾಯು ಅಂದರು. ಅಷ್ಟರಲ್ಲಿ ತೊಡೆಸಂದಿನಲ್ಲೂ ಹಿಡಿಯತೊಡಗಿತು. ಕಾಲುಚೀಲ ಹಾಕಿಕೊಳ್ಳಲು, ಕಾಲಿನ ಉಗುರು ತೆಗೆಯಲು ಕೈ ಎಟುಕುತ್ತಿರಲಿಲ್ಲ.

ಕೊನೆಗೆ ಒಬ್ಬ ಎಲುಬಿನ ಡಾಕ್ಟರ್ ನನ್ನನ್ನು ಅಂಗಾತ ಮಲಗಿಸಿದರು. ಮೊಣಕಾಲು ಮಡಚಿ, ಪಾದವನ್ನು ನಿಧಾನಕ್ಕೆ ಹೊರಗಡೆ ತಿರುಗಿಸಿದರು. ಬಲಗಾಲು ಸಲೀಸಾಗಿ ಹೋಯಿತು. ಎಡಗಾಲು ಸ್ವಲ್ಪವೇ ಹೋಗಿ, ಒಳಗಿನಿಂದ ಅಗುಳಿ ಹಾಕಿದ ಬಾಗಿಲಿನ ಹಾಗೆ ನಿಂತುಬಿಟ್ಟಿತು. ತೊಡೆಸಂದಿನಲ್ಲಿ ಜೀವ ಹೋದ ಹಾಗಾಯಿತು. "ಮೊಣಕಾಲಿಗೆ ಏನೂ ಆಗಿಲ್ಲ. ನೋವು ಮೇಲಿನ ಕೀಲಿನದು, ಕೆಳಗೆ ಕಾಣಿಸಿಕೊಳ್ಳುತ್ತಿದೆ ಅಷ್ಟೇ" ಅಂದರು. ಆಮೇಲೆ ಕೇಳಿದರು: "ಸಣ್ಣವರಿದ್ದಾಗ ಕುಂಟುತ್ತಿದ್ದಿರಾ?"

ಉತ್ತರ ಕೊಟ್ಟವಳು ಅವ್ವ. "ಹೌದ್ರೀ, ಆರೇಳು ವರ್ಷದವ ಇದ್ದಾಗ ಭಾಳ ದಿನ ಕುಂಟ್ಯಾನ. ಹುಣಸಿ ಗಿಡದ ಮ್ಯಾಲಿಂದ ಬಿದ್ದಾನಂತ ತಿಳಿದು ಎಣ್ಣಿ ತಿಕ್ಕಿದ್ವಿ."

ಅದು ಪರ್ಥೀಸ್ ಅನ್ನುವ ಕಾಯಿಲೆ. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ, ಅದರಲ್ಲೂ ಗಂಡು ಮಕ್ಕಳಲ್ಲಿ ಜಾಸ್ತಿ. ತೊಡೆ ಎಲುಬಿನ ಮೇಲ್ತುದಿ ಗುಂಡಗಿದ್ದು, ಸೊಂಟದ ಗೂಡಿನಲ್ಲಿ ಕೂತಿರುತ್ತದೆ. ಅಲ್ಲಿಗೆ ಹೋಗುವ ರಕ್ತ ನಿಂತು, ಆ ಗುಂಡು ಮೆತ್ತಗಾಗುತ್ತದೆ. ಕೆಲವು ವರ್ಷಗಳಲ್ಲಿ ತಾನಾಗಿಯೇ ಗಟ್ಟಿಯಾಗುತ್ತದೆ, ಆದರೆ ಎಲ್ಲರಿಗೂ ಗುಂಡಗೆ ಉಳಿಯುವುದಿಲ್ಲ. ನನ್ನದು ಚಪ್ಪಟೆಯಾಗಿ ಉಳಿಯಿತು. ಚಪ್ಪಟೆ ಗುಂಡು ದುಂಡನೆಯ ಗೂಡಿನಲ್ಲಿ ಇಪ್ಪತ್ತು ವರ್ಷ ತಿರುಗಿದರೆ ನಡುವಿನ ಮೆದು ಪದರ ಸವೆಯದೆ ಏನಾಗುತ್ತದೆ? ಇದನ್ನೇ ಡಾಕ್ಟರುಗಳು ಆಸ್ಟಿಯೋಆರ್ಥ್ರೈಟಿಸ್ ಅನ್ನುವುದು. ವಯಸ್ಸಾದವರಿಗೆ ಬರುವ ಸವೆತವೇ, ನನಗೆ ಬೇಗ ಬಂತು.

ಚಿಕ್ಕ ವಯಸ್ಸಿನಲ್ಲಿ ಈ ಕೀಲು ಸವೆದರೆ ಹಿಂದೆ ಏನಾದರೂ ಕಾರಣ ಇದೆಯಾ ಎಂದು ಹುಡುಕಬೇಕು. ಹುಟ್ಟಿನಿಂದಲೇ ಗೂಡು ಆಳ ಇಲ್ಲದಿರುವುದು, ಹಳೇ ಪೆಟ್ಟು, ಕೀವು ಆಗಿದ್ದು, ಸ್ಟೆರಾಯ್ಡ್ ಅಥವಾ ಕುಡಿತದಿಂದ ಗುಂಡಿನ ರಕ್ತ ನಿಂತದ್ದು, ಹೀಗೆ ಕಾರಣ ಹಲವು. ಬೆಳಗ್ಗೆ ಎದ್ದಾಗ ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಇದ್ದರೆ ಅದು ಬೇರೆ ಜಾತಿಯ ವಾತ ಇರಬಹುದು, ಅದರ ಔಷಧಿಯೇ ಬೇರೆ. ಸುಮ್ನೆ ನೋವಿನ ಮಾತ್ರೆ ನುಂಗುತ್ತ ಕೂತರೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಇನ್ನು ನಾನು ಮಾಡಿಕೊಂಡ ಬದಲಾವಣೆ. ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ನನ್ನ ಸುತ್ತಲಿನ ಸಾಮಾನನ್ನೆಲ್ಲ ನೆಲದಿಂದ ಮೇಲಕ್ಕೆತ್ತಿದೆ. ಕೂತಾಗ ಸೊಂಟ ಮೊಣಕಾಲಿಗಿಂತ ಸ್ವಲ್ಪ ಮೇಲೆ ಇರಬೇಕು. ಇದೊಂದನ್ನು ಎಲ್ಲ ಕಡೆ ಪಾಲಿಸಿದೆ. ಸಾವ್ಕಾರ್ರಿಗೆ ಹೇಳಲು ನಾಚಿಕೆಯಾಗಿತ್ತು, ಅವರು ಮಾತ್ರ "ಲೆಕ್ಕ ಸರಿ ಇದ್ರ ಸಾಕು, ಅಟ್ಟದ ಮ್ಯಾಲೆ ಕೂತು ಬರಿ" ಅಂದರು. ಎತ್ತರದ ಕುರ್ಚಿ, ಎತ್ತರದ ಮೇಜು ಬಂತು. ಮನೆಯಲ್ಲಿ ಚಾಪೆ ಹೋಗಿ ಮಂಚ ಬಂತು, ಮಂಚದ ಕಾಲಿಗೆ ಮರದ ತುಂಡು ಕೊಟ್ಟು ಇನ್ನಷ್ಟು ಎತ್ತರ ಮಾಡಿದೆವು. ರಾತ್ರಿ ಬಲಮಗ್ಗುಲಿಗೆ ಮಲಗಿ, ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳುತ್ತೇನೆ. ಪ್ಯಾಂಟ್ ಹಾಕುವಾಗ ಮೊದಲು ನೋವಿನ ಕಾಲು, ಬಿಚ್ಚುವಾಗ ಕೊನೆಗೆ.

ಚಿತ್ತಾಪುರ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಕಮೋಡ್ ಇಲ್ಲ. ಸರ್ಜಿಕಲ್ ಅಂಗಡಿಯಲ್ಲಿ ಮಡಚುವ ಕಮೋಡ್ ಕುರ್ಚಿ ಸಿಗುತ್ತದೆ, ಹಳೇ ಶೌಚದ ಗುಂಡಿಯ ಮೇಲೆ ಇಟ್ಟರಾಯಿತು. ಕೊಳ್ಳುವಾಗ ಕಾಲಿನ ರಬ್ಬರ್ ಬುಷ್ ನೋಡಿ. ನಮ್ಮಲ್ಲಿ ನೆಲ ಶಹಾಬಾದ್ ಫರಸಿ, ನೀರು ಬಿದ್ದರೆ ಜಾರುತ್ತದೆ. ಬುಷ್ ಸವೆದಿದ್ದರೆ ಕುರ್ಚಿ ಸಮೇತ ಬೀಳುವುದು ಗ್ಯಾರಂಟಿ.

ಬೈಕ್ ಮಾರಿ ಗೇರ್ ಇಲ್ಲದ ಸ್ಕೂಟರ್ ತೆಗೆದುಕೊಂಡೆ. ಬೈಕ್ ಹತ್ತಬೇಕೆಂದರೆ ಎಡಗಾಲ ಮೇಲೆ ನಿಂತು ಬಲಗಾಲು ಎತ್ತಿ ಹಾಕಬೇಕು. ಒಂಟಿಕಾಲಲ್ಲಿ ನಿಂತಾಗ ಆ ಕೀಲಿನ ಮೇಲೆ ಮೈಭಾರದ ಎರಡೂವರೆ, ಮೂರು ಪಟ್ಟು ಒತ್ತಡ ಬೀಳುತ್ತದೆ. ನಡೆಯುವಾಗಿನ ಪ್ರತಿ ಹೆಜ್ಜೆಯಲ್ಲೂ ಹೀಗೆಯೇ. ಹಾಗಾಗಿ ಮೈಯಲ್ಲಿ ಒಂದು ಕಿಲೋ ಇಳಿದರೆ ಕೀಲಿಗೆ ಎರಡು-ಮೂರು ಕಿಲೋ ಇಳಿದ ಹಾಗೆ. ಗಂಜ್‌ನಲ್ಲಿ ಸಂಜೆ ಚಹಾ ಜೊತೆ ಮಿರ್ಚಿ ಭಜಿ ಬಿಡುವುದು ಎಷ್ಟು ಕಷ್ಟ ಎಂದು ಇಲ್ಲಿಯವರಿಗೇ ಗೊತ್ತು. ಪೂರ್ತಿ ಬಿಟ್ಟಿಲ್ಲ, ಗುರುವಾರಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಕೋಲು ಹಿಡಿಯುವುದಾದರೆ ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ನೋವು ಎಡಕ್ಕಿದ್ದರೆ ಕೋಲು ಬಲಗೈಯಲ್ಲಿ. ಬಹಳ ಜನ ಉಲ್ಟಾ ಹಿಡಿಯುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ಗೊತ್ತಲ್ವಾ? ಹಿಂದಿನವರು ನೂಕುತ್ತಿದ್ದರೂ ಬಲಗಾಲು ಇಟ್ಟ ಮೇಲೆಯೇ ನಾನು ಹತ್ತುವುದು.

ವ್ಯಾಯಾಮ ಅಂದರೆ ಮೊದಲು ಹೆದರಿದ್ದೆ, ಇನ್ನಷ್ಟು ಸವೆಯುತ್ತದೆ ಅಂತ. ಫಿಸಿಯೋ ಅಕ್ಕ ಬಿಡಿಸಿ ಹೇಳಿದರು: ಪೃಷ್ಠದ ಮತ್ತು ಪಕ್ಕದ ಸ್ನಾಯು ಗಟ್ಟಿಯಾದರೆ ಕೀಲಿಗೆ ಆಸರೆ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲು ನೆಟ್ಟಗೆ ಎತ್ತುವುದು, ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು. ಮಾಡುವಾಗ ಸ್ವಲ್ಪ ನೋವಾದರೆ ನಡೆಯುತ್ತದೆ. ಮರುದಿನಕ್ಕೂ ಜಾಸ್ತಿ ಉಳಿದರೆ ಕಡಿಮೆ ಮಾಡಬೇಕು. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಆಗ ಅಪ್ಪನ ಕೆರೆ ಸುತ್ತ ನಡೆಯಲು ಸೂರ್ಯ ಹುಟ್ಟುವ ಮುಂಚೆಯೇ ಹೋಗುತ್ತೇನೆ.

ಮಾತ್ರೆಯ ಮಾತೂ ಈ ಬಿಸಿಲಿಗೇ ಸೇರಿದ್ದು. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಹೊಟ್ಟೆ ಸುಡುತ್ತದೆ ಎಂದು ಎಲ್ಲರಿಗೂ ಗೊತ್ತು. ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೂ ಪೆಟ್ಟು ಕೊಡಬಹುದು. ಡಾಕ್ಟರ್ ಹೇಳಿದ ದಿನಗಳಿಗಷ್ಟೇ, ಊಟ ಆದ ಮೇಲೆ ತೆಗೆದುಕೊಳ್ಳುತ್ತೇನೆ. ಮುಲಾಮು ಮೊಣಕಾಲಿಗೆ ಕೆಲಸ ಮಾಡೀತು. ಸೊಂಟದ ಕೀಲು ಬಹಳ ಒಳಗಿದೆ, ಅಲ್ಲಿಗೆ ಮುಟ್ಟುವುದು ಕಷ್ಟ.

ಜನರ ಮಾತು ಮಾತ್ರ ಬೇಜಾರು. ದಾಸೋಹದ ಪಂಕ್ತಿಯಲ್ಲಿ ಎಲ್ಲರೂ ನೆಲಕ್ಕೆ ಕೂತಾಗ ನಾನು ಮುದುಕರ ಜೊತೆ ಕುರ್ಚಿಯಲ್ಲಿ. "ಏನೋ ತಮ್ಮಾ, ಈ ವಯಸ್ಸಿಗೇ?" ಅನ್ನುತ್ತಾರೆ. ಮೊದಮೊದಲು ಇಡೀ ಕಥೆ ಹೇಳುತ್ತಿದ್ದೆ. ಈಗ "ಹೂಂ ಕಾಕಾ, ಕೀಲು ಸವದಾದ" ಅಂದು ರೊಟ್ಟಿ ಮುರಿಯುತ್ತೇನೆ. ಹೆಣ್ಣು ನೋಡಲು ಹೋದಲ್ಲೆಲ್ಲ ನಾನೇ ಮೊದಲು ಎಕ್ಸ್‌ರೇ ವಿಷಯ ಹೇಳಿಬಿಡುತ್ತೇನೆ. ಅವರಿಗೆ ಬೇರೆಯವರಿಂದ ಗೊತ್ತಾಗುವುದು ಬೇಡ.

ಕೀಲು ಬದಲಿಸುವ ಆಪರೇಷನ್ ಒಂದು ದಿನ ಆಗಲೇಬೇಕು. ಕೃತಕ ಕೀಲೂ ಸವೆಯುತ್ತದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ನೂರರಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ. ಮೂವತ್ತಕ್ಕೇ ಹಾಕಿಸಿಕೊಂಡವನಿಗೆ ಎರಡನೇ ಸಲ ಬೇಕಾಗುವ ಸಾಧ್ಯತೆ ಜಾಸ್ತಿ, ಎರಡನೆಯದು ಮೊದಲಿನದಕ್ಕಿಂತ ಕಷ್ಟದ್ದು. ಹಾಗಂತ ಹಲ್ಲು ಕಚ್ಚಿ ಕಾಯುತ್ತಲೇ ಇರಬೇಕೆಂದೂ ಇಲ್ಲ. "ಎಕ್ಸ್‌ರೇ ನೋಡಿ ದಿನ ಗೊತ್ತು ಮಾಡೋದಿಲ್ಲ, ನಿಮ್ಮ ನಿದ್ದೆ, ನಿಮ್ಮ ದುಡಿಮೆ ನೋಡಿ ಮಾಡೋಣ" ಎಂದಿದ್ದಾರೆ ಡಾಕ್ಟರ್. ಆ ದಿನಕ್ಕೆಂದು ಆಯುಷ್ಮಾನ್ ಕಾರ್ಡ್ ಮಾಡಿಸಿಟ್ಟಿದ್ದೇನೆ. ಸದ್ಯ ರಾತ್ರಿ ನಿದ್ದೆ ಬರುತ್ತಿದೆ, ತೊಗರಿ ಸೀಸನ್ ತಪ್ಪಿಸಿಲ್ಲ. ಮುಂದಿನ ಎಕ್ಸ್‌ರೇ ದೀಪಾವಳಿ ಕಳೆದ ಮೇಲೆ.