ಗ್ರಾಮ ನಕ್ಷೆಯಿಂದ ರಾಜಕಾಲುವೆ: ಎಂ.ಪ್ಲಾನ್ ಸ್ಟುಡಿಯೋದ ನನ್ನ ಅನುಭವ

ಎಂ.ಪ್ಲಾನ್ (ನಗರ ಯೋಜನೆಯ ಸ್ನಾತಕೋತ್ತರ ಪದವಿ) ಓದುವಾಗ ಪರಿಸರ ಯೋಜನೆಯ ಸ್ಟುಡಿಯೋಗೆ ಸಿಕ್ಕಿದ್ದು ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆ, ಬೆಳ್ಳಂದೂರು ಕೆರೆಗೂ ಮೇಲ್ಬದಿಯ ನಾಲ್ಕು ಹಳ್ಳಿಯಷ್ಟು ಜಾಗ. ಕೆಲಸ ಇಷ್ಟೇ: ರಾಜಕಾಲುವೆ ಗುರುತಿಸಿ ಬಫರ್ (ಕಟ್ಟಡ ಕಟ್ಟದೆ ಬಿಡಬೇಕಾದ ಅಂತರ) ಎಳೆಯುವುದು. ಅದಕ್ಕೆ ಗ್ರಾಮ ನಕ್ಷೆ (ಸರ್ವೆ ನಂಬರುಗಳಿರುವ ಹಳೇ ಕಂದಾಯ ನಕ್ಷೆ) ಸಾಕು ಎಂದಾಗ ಯಾರೂ ನಂಬಲಿಲ್ಲ. ಬಾಹ್ಯಾಕಾಶದಿಂದ ಅಳೆದ ಡಿಇಎಂ (ನೆಲದ ಎತ್ತರದ ಡಿಜಿಟಲ್ ನಕ್ಷೆ) ಇರುವಾಗ ಹಳೇ ಕಾಗದ ಯಾಕೆ ಅಂದರು. ಕೊನೆಗೆ ಜ್ಯೂರಿಯಲ್ಲಿ, ಪರೀಕ್ಷಕರ ಮುಂದೆ, ನಿಂತಿದ್ದು ಆ ಕಾಗದವೇ.

ಡಿಇಎಂ ಅನ್ನೂ ಓಡಿಸಿದ್ದಾಯಿತು, ಎರಡು ವಾರ ದಂಡ. ಬಳಸಿದ ಡಿಇಎಂ ಎಸ್‌ಆರ್‌ಟಿಎಂ, ಬಾಹ್ಯಾಕಾಶ ನೌಕೆಯ ರಡಾರಿನದು; ಅದು ಅಳೆದದ್ದು ಬರೀ ನೆಲವನ್ನಲ್ಲ, ಮರ–ಕಟ್ಟಡಗಳ ತಲೆಯನ್ನೂ ಸೇರಿಸಿ. ಒಂದು ಪಿಕ್ಸೆಲ್ ಸುಮಾರು 30 ಮೀಟರ್, ಕಾಲುವೆಯ ಅಗಲ ಮೂರೋ ನಾಲ್ಕೋ. ಎತ್ತರಿಸಿದ ರಸ್ತೆ ಡಿಇಎಂಗೆ ಅಣೆಕಟ್ಟು, ಕೆಳಗಿನ ಮೋರಿ ಕಾಣುವುದೇ ಇಲ್ಲ. ಸಿಂಕ್ (ನೀರು ಹೊರಹೋಗದ ತಗ್ಗು) ತುಂಬಿಸಿದರೆ ಕೆರೆಯಂಗಳದ ಮೇಲೆ ಸ್ಕೇಲಿಟ್ಟು ಎಳೆದಂಥ ನೇರ ಗೆರೆಗಳು. ಗೆರೆ ನಲವತ್ತು ಮೀಟರ್ ಸರಿದರೆ 15 ಮೀಟರ್ ಬಫರಿಗೆ ಏನರ್ಥ?

ಗ್ರಾಮ ನಕ್ಷೆ 1:7920, ಅಂದರೆ ಮೈಲಿಗೆ ಎಂಟು ಇಂಚು. 300 ಡಿಪಿಐ (ಇಂಚಿಗೆ 300 ಚುಕ್ಕಿ) ಸ್ಕ್ಯಾನಿನಲ್ಲಿ ಒಂದು ಪಿಕ್ಸೆಲ್ ನೆಲದ ಮೇಲೆ 67 ಸೆಂಟಿಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆಯೇ ನಾಲ್ಕು ಮೀಟರ್. ಅದಕ್ಕಿಂತ ಹೆಚ್ಚಿನ ನಿಖರತೆ ಯಾರು ಹೇಳಿದರೂ ಸುಳ್ಳು. ಮೊಬೈಲ್ ಫೋಟೊ ಬೇಡ, ಅಂಚು ಬಾಗುತ್ತದೆ. ನಕಲು, ಸ್ಕ್ಯಾನು, ಎ0 ಪ್ರಿಂಟು ಎಲ್ಲ ಸೇರಿ ಆದದ್ದು ಎರಡು ಸಾವಿರ ರೂಪಾಯಿಯ ಆಸುಪಾಸು. ಡ್ರೋನಿನವರು ಕೇಳಿದ್ದು ಅದರ ಇಪ್ಪತ್ತು ಪಟ್ಟು.

ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಇಪಿಎಸ್‌ಜಿ 32643 (ಬೆಂಗಳೂರಿಗೆ ಹೊಂದುವ, ಮೀಟರಿನ ನಿರ್ದೇಶಾಂಕ ಪದ್ಧತಿ) ಇಟ್ಟು ಜಿಯೋರೆಫರೆನ್ಸ್, ಅಂದರೆ ಸ್ಕ್ಯಾನನ್ನು ನೆಲದ ನಿಜವಾದ ಜಾಗಕ್ಕೆ ಕೂರಿಸುವುದು. ಮೊದಲು ಥಿನ್ ಪ್ಲೇಟ್ ಸ್ಪ್ಲೈನ್ (ನಕ್ಷೆಯನ್ನು ರಬ್ಬರಿನಂತೆ ಎಳೆದು ಕೂರಿಸುವ ವಿಧಾನ) ಹಾಕಿ ದೋಷ ಸೊನ್ನೆ ಬಂತೆಂದು ಕುಣಿದದ್ದು ಪೆದ್ದುತನ: ಅದು ಕೊಟ್ಟ ಬಿಂದುಗಳ ಮೂಲಕವೇ ಹಾದುಹೋಗುವ ವಿಧಾನ, ಸೊನ್ನೆ ಬರದೆ ಇನ್ನೇನು. ಹೊಸ ರಸ್ತೆಗಳ ಮೂಲೆ ಬಿಟ್ಟು, ಮೂರು ಸರ್ವೆ ನಂಬರು ಕೂಡುವ ಬಾಂದು (ಗಡಿಕಲ್ಲು), ಕೆರೆ ಏರಿಯ ತುದಿ, ಹಳೇ ಗುಡಿ, ಹೀಗೆ ಹದಿನೈದು ಬಿಂದು ಹಿಡಿದು, ಐದನ್ನು ಪರೀಕ್ಷೆಗೆಂದು ಪಕ್ಕಕ್ಕಿಟ್ಟು, ಪಾಲಿನಾಮಿಯಲ್ 1 (ನೇರ ಗೆರೆಯನ್ನು ನೇರವಾಗಿಯೇ ಉಳಿಸುವ ಸರಳ ವಿಧಾನ) ಕೊಟ್ಟರೆ ಆ ಐದರಲ್ಲಿ 7–8 ಮೀಟರ್ ವ್ಯತ್ಯಾಸ ಬಂತು. ಯಾವ ಬಾಂದು ನಂಬಬೇಕು, ಯಾವುದು ಕಿತ್ತು ನೆಟ್ಟದ್ದು ಎಂದು ಗುರುತಿಸುವ ಉಪಾಯ ಒಂದಿದೆ. ಅದು ನನ್ನ ಬಳಿಯೇ ಇರಲಿ.

ದೊಡ್ಡ ಮೋಸ ಆದದ್ದು ತೂಬಿನಲ್ಲಿ, ಅಂದರೆ ಕೆರೆ ಏರಿಯಡಿ ನೀರು ಬಿಡುವ ಗಂಡಿಯಲ್ಲಿ. ನಕ್ಷೆಯ ನೀಲಿ ಗೆರೆಗಳೆಲ್ಲ ರಾಜಕಾಲುವೆಯಲ್ಲ. ತೂಬಿನಿಂದ ಹೊರಟದ್ದು ಗದ್ದೆಗೆ ನೀರುಣಿಸುವ ಕಾಲುವೆ, ಇಳಿಜಾರಿನ ಪಕ್ಕೆ ಹಿಡಿದು ಸಾಗುತ್ತದೆ. ಕೋಡಿಯಿಂದ (ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಜಾಗ) ಹೊರಟದ್ದು ರಾಜಕಾಲುವೆ, ಕಣಿವೆಯ ತಳ ಸೇರಿ ಮುಂದಿನ ಕೆರೆಗೆ ಹೋಗುತ್ತದೆ. ಎರಡಕ್ಕೂ ಒಂದೇ ಬಫರ್ ಹಾಕಿ ಒಂದಿಡೀ ಶೀಟು ಹಾಳಾಯಿತು. ಸಂಶಯ ಬಂದ ಕಡೆ ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ಕಂದಾಯ ದಾಖಲೆ) ತೆಗೆದು ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಇದೆಯೇ ನೋಡಿ.

ಬಫರಿನ ಲೆಕ್ಕ: ಬೆಂಗಳೂರಿನ ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’ರಂತೆ ಪ್ರಾಥಮಿಕ, ದ್ವಿತೀಯ, ತೃತೀಯ ದರ್ಜೆಯ ಕಾಲುವೆಗೆ ನಡುಗೆರೆಯಿಂದ ಕ್ರಮವಾಗಿ 50, 25, 15 ಮೀಟರ್, ಕೆರೆಗೆ 30. 2016ರಲ್ಲಿ ಹಸಿರು ನ್ಯಾಯಮಂಡಳಿ ಅಂಚಿನಿಂದ 50, 35, 25 ಎಂದಿತು, ಕೆರೆಗೆ 75. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನಡುಗೆರೆಯೋ ಅಂಚೋ ಎಂಬುದನ್ನು ಶೀಟಿನ ಮೇಲೆ ಬರೆಯದಿದ್ದರೆ ಜ್ಯೂರಿ ಮೊದಲು ಹಿಡಿಯುವುದೇ ಅದನ್ನು.

ನಡುವೆ ಒಂದು ಅಡ್ಡ ಪ್ರಯೋಗ: ಗಾರೆಯವರ ಮಟ್ಟದ ಪೈಪು, 20 ಮೀಟರ್, ಮುನ್ನೂರು ರೂಪಾಯಿ ಚಿಲ್ಲರೆ. ಗುಳ್ಳೆ ಉಳಿಯದಂತೆ ನೀರು ತುಂಬಿ, ಕೋಡಿಯಿಂದ ಮೋರಿವರೆಗೆ ತಳದ ಮಟ್ಟ ಅಳೆಯುತ್ತ ಹೋದರೆ, ಒಂದು ಮೋರಿಯ ತಳ ಮೇಲ್ಬದಿಯ ಕಾಲುವೆಗಿಂತ ಒಂದೂವರೆ ಅಡಿ ಎತ್ತರದಲ್ಲಿತ್ತು. ಮಳೆ ಬಂದಾಗ ಅದರ ಹಿಂದಿನ ಬೀದಿ ಮುಳುಗುವುದು ಕಾಲುವೆ ಕಿರಿದಾದದ್ದರಿಂದ ಎಂದೇ ಎಲ್ಲರೂ ಬರೆದಿದ್ದರು.