ಅಮೆರಿಕದಲ್ಲಿ ಎಸ್‌ಯುವಿ ಕೊಳ್ಳುವ ಮುನ್ನ ಒಂದು ವ್ಯಾಗನ್ ಓಡಿಸಿ ನೋಡಿ

ಚಳಿಗಾಲವೆಲ್ಲ ಹಿಮ ಬೀಳುವ ಮಿನ್ನೆಸೋಟ ರಾಜ್ಯಕ್ಕೆ ಹೊಸದಾಗಿ ಬಂದವರು ಯಾವ ಕಾರು ತಗೊಳ್ಳಲಿ ಅಂತ ಕೇಳಿದಾಗೆಲ್ಲ ನಾನು ಒಂದೇ ಮಾತು ಹೇಳುತ್ತೇನೆ. ಬೀದಿಯವರೆಲ್ಲ ಎಸ್‌ಯುವಿ ಇಟ್ಟಿದ್ದಾರೆ ಅಂತ ನೀವೂ ಅದನ್ನೇ ತಗೋಬೇಡಿ. ಅವರು ಯಾಕೆ ತಗೊಂಡರು ಅನ್ನೋದು ಮೊದಲು ಗೊತ್ತಿರಲಿ.

ಒಂದು ದೊಡ್ಡ ಕಾರಣ, ಶೋರೂಮಿನಲ್ಲಿ ವ್ಯಾಗನ್ ಸಿಗುವುದೇ ಅಪರೂಪ. ವ್ಯಾಗನ್ ಅಂದರೆ ಸೆಡಾನಿನಂತೆ ತಗ್ಗಾಗಿದ್ದು, ಚಾವಣಿ ಡಿಕ್ಕಿಯ ಮೇಲೂ ಹಿಂದಿನವರೆಗೆ ಚಾಚಿಕೊಂಡಿರುವ ಉದ್ದನೆಯ ಕಾರು. 1975ರ ಇಂಧನ ಕಾನೂನಿನಡಿ ಬಂದ ಮೈಲೇಜ್ ನಿಯಮ ಕಾರುಗಳಿಗೆ ಬಿಗಿ, ಪಿಕಪ್, ವ್ಯಾನ್ ತರಹದ ಲೈಟ್ ಟ್ರಕ್‌ಗಳಿಗೆ ಸಡಿಲ. ವ್ಯಾಗನ್ ಕಾರಿನ ಲೆಕ್ಕಕ್ಕೆ ಹೋಯಿತು, ಹೆಚ್ಚಿನ ಎಸ್‌ಯುವಿಗಳು ಟ್ರಕ್ ಲೆಕ್ಕಕ್ಕೆ. ಕಂಪನಿಗಳು ಯಾವ ಕಡೆ ವಾಲುತ್ತವೆ ಹೇಳಿ? ಈ ನಡುವೆ 80ರ ದಶಕದಲ್ಲಿ ಕ್ರೈಸ್ಲರ್ ಮಿನಿವ್ಯಾನ್ ಬಂದು ಮಕ್ಕಳಿರುವ ಮನೆಗಳನ್ನು ಸೆಳೆಯಿತು. 1996ರಲ್ಲಿ ಜನರಲ್ ಮೋಟರ್ಸ್ ತನ್ನ ದೊಡ್ಡ ವ್ಯಾಗನ್‌ಗಳನ್ನು ನಿಲ್ಲಿಸಿತು. ಅವು ತಯಾರಾಗುತ್ತಿದ್ದ ಟೆಕ್ಸಾಸಿನ ಆರ್ಲಿಂಗ್ಟನ್ ಕಾರ್ಖಾನೆ ಆಮೇಲೆ ಟ್ರಕ್, ಎಸ್‌ಯುವಿಗಳ ಪಾಲಾಯಿತು. ಜಪಾನಿನ ಸುಬಾರು ಕಂಪನಿ ಅಂತೂ ತನ್ನ ವ್ಯಾಗನ್ ಮಾದರಿಯಾದ ಔಟ್‌ಬ್ಯಾಕಿನ 2005ರ ಆವೃತ್ತಿಯನ್ನು ಸ್ವಲ್ಪ ಎತ್ತರಿಸಿ ಲೈಟ್ ಟ್ರಕ್ ಪಟ್ಟಿಗೇ ಸೇರಿಸಿಬಿಟ್ಟಿತು.

ಹಾಗಂತ ಜನ ಸುಮ್ನೆ ಮರುಳಾಗಿಲ್ಲ. ಎತ್ತರದ ಸೀಟಿನ ಸುಖ ನಿಜವಾದದ್ದು. ಊರಿಂದ ಬಂದ ನನ್ನ ಅಮ್ಮನಿಗೆ ಮಂಡಿನೋವು. ತಗ್ಗಿನ ಕಾರಿಗೆ ಕೂರಬೇಕಾದರೆ ಬಾಗಿಲು ಹಿಡಿದು ನಿಧಾನ ಇಳಿಯಬೇಕು, ಏಳುವಾಗ ಇನ್ನೂ ಕಷ್ಟ. ಸೀಟು ಸೊಂಟದ ಮಟ್ಟಕ್ಕಿದ್ದರೆ ಪಕ್ಕಕ್ಕೆ ಸರಿದು ಕೂತರಾಯಿತು. ಹಾಗಾಗಿ ಮನೆಯ ಹಿರಿಯರನ್ನು ಕರೆದುಕೊಂಡೇ ಕಾರು ನೋಡಲು ಹೋಗಿ. ತೀರಾ ಎತ್ತರದ್ದೂ ಅವರಿಗೆ ಆಗುವುದಿಲ್ಲ, ಹತ್ತೋದಕ್ಕೆ ಮೆಟ್ಟಿಲೇ ಬೇಕಾಗುತ್ತದೆ.

ಮಗುವಿನ ಕಾರ್ ಸೀಟನ್ನೂ ಜೊತೆಗೆ ಒಯ್ಯಿರಿ. ಹಿಮ್ಮುಖವಾಗಿ ಕೂರಿಸುವ ಸೀಟು ಬಹಳ ಜಾಗ ತಿನ್ನುತ್ತದೆ. ಅದನ್ನು ಬಿಗಿದ ಮೇಲೆ, ಅದರ ಮುಂದಿನ ಸೀಟಿನಲ್ಲಿ ಮನೆಯಲ್ಲಿ ಎಲ್ಲರಿಗಿಂತ ಉದ್ದ ಇರುವವರನ್ನು ಕೂರಿಸಿ. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿತಾ? ಹೊರಗಿಂದ ದೈತ್ಯನಂತೆ ಕಾಣುವ ಎಷ್ಟೋ ಎಸ್‌ಯುವಿಗಳ ಬಣ್ಣ ಇಲ್ಲೇ ಬಯಲಾಗುತ್ತದೆ. ಆಮೇಲೆ ಡಿಕ್ಕಿ ತೆಗೆದು ಸ್ಟ್ರೋಲರ್ ಎತ್ತಿ ಇಡಿ. ವ್ಯಾಗನ್ನಿನ ನೆಲ ತಗ್ಗು, ಉದ್ದ ಜಾಸ್ತಿ, ಸೊಂಟಕ್ಕೆ ಆರಾಮ. ಮೇಲೆ ಲಗೇಜ್ ಬಾಕ್ಸ್ ಕಟ್ಟುವವರಿಗೂ ಅಷ್ಟೇ, ಸ್ಟೂಲ್ ಇಲ್ಲದೆ ಕೈ ಎಟುಕುತ್ತದೆ.

ಹಿಮದ ಮಾತು ಬಂದೇ ಬರುತ್ತದೆ. ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವ ವ್ಯವಸ್ಥೆ, ಕಾರು ಮುಂದೆ ಹೊರಡಲು ನೆರವಾಗುತ್ತದೆ, ನಿಲ್ಲಿಸಲು ಅಲ್ಲ. ಐಸ್ ಮೇಲೆ ಬ್ರೇಕ್ ಹಿಡಿಯುವುದು ಟೈರು. ಮೊದಲು ನಾಲ್ಕು ವಿಂಟರ್ ಟೈರುಗಳಿಗೆ ದುಡ್ಡು ಎತ್ತಿಡಿ, ಆಮೇಲೆ ಕಾರಿನ ಆಕಾರದ ಬಗ್ಗೆ ಯೋಚಿಸಿ. ಇನ್ನು ಭಾರ ತಗ್ಗಿನಲ್ಲಿರುವ ಗಾಡಿ ತಿರುವಿನಲ್ಲಿ ಕಡಿಮೆ ವಾಲುತ್ತದೆ. ಫ್ರೀವೇ ಇಳಿಯುವ ಸುತ್ತು ರಸ್ತೆಯಲ್ಲಿ ಎರಡನ್ನೂ ಓಡಿಸಿದರೆ ನಿಮಗೇ ಗೊತ್ತಾಗುತ್ತದೆ.

ಏಳು ಜನ ಕೂರಬೇಕು ಅಂದರೆ ವ್ಯಾಗನ್ ಬೇಡ, ಮಿನಿವ್ಯಾನ್ ನೋಡಿ. ದೊಡ್ಡ ಟ್ರೇಲರ್ ಎಳೆಯುವವರಿಗೆ ಎಸ್‌ಯುವಿಯೇ ಸರಿ.

ಸೆಕೆಂಡ್ ಹ್ಯಾಂಡ್ ಹುಡುಕುವಾಗ ಬಾಡಿ ಟೈಪ್‌ನಲ್ಲಿ ವ್ಯಾಗನ್ ಅಂತ ಬೇರೆಯಾಗಿ ಆರಿಸಿ. ಔಟ್‌ಬ್ಯಾಕ್ ಎಷ್ಟೋ ಸಲ ಎಸ್‌ಯುವಿಗಳ ನಡುವೆ ಇರುತ್ತದೆ, ಅದನ್ನು ಹೆಸರು ಹಾಕಿಯೇ ಹುಡುಕಿ. ವೋಲ್ವೋ ವಿ60, ಫೋಕ್ಸ್‌ವ್ಯಾಗನ್ ಗಾಲ್ಫ್ ಆಲ್‌ಟ್ರ್ಯಾಕ್, ಬ್ಯುಕ್ ರೀಗಲ್ ಟೂರ್‌ಎಕ್ಸ್ ಕೂಡ ನೋಡಿ. ಕೊನೆಯ ಎರಡು ಈಗ ಹೊಸದಾಗಿ ಬರುವುದಿಲ್ಲ, ಬಿಡಿಭಾಗ ಸಿಗುತ್ತವಾ ಅಂತ ಮೆಕ್ಯಾನಿಕ್ ಹತ್ತಿರ ವಿಚಾರಿಸಿಯೇ ಅಡ್ವಾನ್ಸ್ ಕೊಡಿ.